ವೇಡರ್ ಹಕ್ಕಿಗಳು: ಗುರುತು ಸಿಗುವ ಫೋಟೊ ಮೊದಲು, ಚಂದದ ಫೋಟೊ ಆಮೇಲೆ

ನೀರಿನ ಅಂಚಿನಲ್ಲಿ ಕೆಸರಿಗೆ ಕೊಕ್ಕು ಚುಚ್ಚುತ್ತಾ ಓಡಾಡುವ ಕಂದು-ಬೂದು ಹಕ್ಕಿಗಳು ಅಂದರೆ ಎಷ್ಟೋ ಜನ ಹಕ್ಕಿಪ್ರಿಯರಿಗೂ ತಲೆನೋವು. ಎಲ್ಲವೂ ಒಂದೇ ಥರ ಕಾಣುತ್ತವೆ. ದೂರದಲ್ಲಿರುತ್ತವೆ, ಒಂದು ಕಡೆ ನಿಲ್ಲುವುದಿಲ್ಲ, ಸ್ವಲ್ಪ ಹತ್ತಿರ ಹೋದರೆ ಎದ್ದು ಹಾರಿಬಿಡುತ್ತವೆ. ಇವುಗಳಿಗೆ ಒಟ್ಟಾರೆ ವೇಡರ್ ಅನ್ನುತ್ತಾರೆ. ಸ್ಯಾಂಡ್‌ಪೈಪರ್, ಪ್ಲವರ್, ಸ್ಟಿಂಟ್, ಗಾಡ್ವಿಟ್, ಕರ್ಲ್ಯೂ, ಸ್ನೈಪ್, ಟಿಟ್ಟಿಭ, ಮೆಟ್ಟುಗಾಲು ಹಕ್ಕಿ ಎಲ್ಲ ಇದರಲ್ಲೇ ಬರುತ್ತವೆ. ಬೆಳ್ಳಕ್ಕಿ, ಕೊಕ್ಕರೆಗಳೂ ನೀರಲ್ಲೇ ನಡೆಯುತ್ತವೆ ನಿಜ, ಆದರೆ ಅವುಗಳನ್ನು ಗುರುತಿಸೋದು ಇಷ್ಟು ಗೋಜಲಲ್ಲ, ಹಾಗಾಗಿ ಇಲ್ಲಿ ಬಿಟ್ಟಿದ್ದೇನೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ವೇಡರ್‌ಗಳ ಗುರುತು ಇರುವುದೇ ಅವು ಸುಮ್ಮನೆ ನಿಂತಾಗ ಮುಚ್ಚಿಹೋಗುವ ಜಾಗಗಳಲ್ಲಿ. ರೆಕ್ಕೆಯ ಮೇಲಿನ ಬಿಳಿ ಪಟ್ಟಿ, ರೆಕ್ಕೆಯ ಅಡಿಭಾಗ, ಕಂಕುಳು, ಬಾಲದ ಬುಡ. ನಾವು ತೆಗೆಯುವುದು ಮಾತ್ರ ನಿಂತ ಹಕ್ಕಿಯನ್ನು, ಪಕ್ಕದಿಂದ, ಕಣ್ಣಿನಲ್ಲಿ ಬೆಳಕು ಮಿನುಗುವಾಗ. ಫೋಟೊ ಬಹಳ ಚಂದ ಬರುತ್ತದೆ, ಮನೆಗೆ ಬಂದು ಪುಸ್ತಕ ತೆರೆದರೆ ಹೆಸರು ಮಾತ್ರ ಸಿಗುವುದಿಲ್ಲ. ಅದಕ್ಕೇ ಒಂದು ಹಕ್ಕಿಗೆ ಒಂದು ಫೋಟೊ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರೆ ಬೇರೆ ಭಂಗಿಯಲ್ಲಿ ನಾಲ್ಕೈದಾದರೂ ಬೇಕು, ಅದರಲ್ಲಿ ಎರಡು ಮಸುಕಾಗಿದ್ದರೂ ನಡೆಯುತ್ತದೆ. ಹಾರುತ್ತಾ ದೂರ ಹೋಗುವ ಹಕ್ಕಿಯ ಬೆನ್ನಿನ ಮಸುಕು ಫೋಟೊ ಇದೆಯಲ್ಲ, ಎಲ್ಲರೂ ಡಿಲೀಟ್ ಮಾಡುವ ಫೋಟೊ, ಗುರುತಿನ ಮಟ್ಟಿಗೆ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಕ್ಯಾಮೆರಾ ಎತ್ತುವ ಮೊದಲು

ಮೊದಲು ಒಂದೆರಡು ನಿಮಿಷ ಸುಮ್ನೆ ನೋಡಿ. ಬಣ್ಣ ಬಿಡಿ, ಆಕಾರ ನೋಡಿ. ಕೊಕ್ಕಿನ ಉದ್ದವನ್ನು ತಲೆಯ ಉದ್ದಕ್ಕೆ ಹೋಲಿಸಿ: ತಲೆಗಿಂತ ಚಿಕ್ಕದಾ, ಸಮವಾ, ಒಂದೂವರೆ ಪಟ್ಟಾ, ಎರಡು ಪಟ್ಟಾ? ನೇರ ಇದೆಯಾ, ಕೆಳಕ್ಕೆ ಬಾಗಿದೆಯಾ, ಮೇಲಕ್ಕೆ ಬಾಗಿದೆಯಾ? ಕಾಲು ಗಿಡ್ಡವಾ ಉದ್ದವಾ? ಪಕ್ಕದಲ್ಲಿ ನಿಮಗೆ ಗೊತ್ತಿರುವ ಹಕ್ಕಿ ಇದ್ದರೆ ಅದಕ್ಕಿಂತ ದೊಡ್ಡದಾ ಚಿಕ್ಕದಾ?

ಆಮೇಲೆ ನಡಿಗೆ. ಪ್ಲವರ್‌ಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ನೋಡಿ, ಕುಕ್ಕುತ್ತವೆ. ದೊಡ್ಡ ಕಣ್ಣು, ಗಿಡ್ಡ ಕೊಕ್ಕು, ಬೇಟೆಯೆಲ್ಲ ನೋಟದಿಂದಲೇ. ಸ್ಯಾಂಡ್‌ಪೈಪರ್, ಸ್ಟಿಂಟ್, ಡನ್ಲಿನ್‌ಗಳು ತಲೆ ತಗ್ಗಿಸಿ ಒಂದೇ ಸಮನೆ ಕೆಸರು ಕೆದಕುತ್ತಾ ಹೋಗುತ್ತವೆ. ಆವೊಸೆಟ್ ಮೇಲಕ್ಕೆ ಬಾಗಿದ ಕೊಕ್ಕನ್ನು ನೀರಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತದೆ. ಗ್ರೀನ್‌ಶ್ಯಾಂಕ್ ಮೀನಿನ ಹಿಂದೆ ಆಳವಿಲ್ಲದ ನೀರಲ್ಲಿ ಹುಚ್ಚೆದ್ದು ಓಡುತ್ತದೆ. ಟರ್ನ್‌ಸ್ಟೋನ್ ಕಲ್ಲು ಮಗುಚುತ್ತದೆ, ಸ್ಯಾಂಡರ್ಲಿಂಗ್ ಅಲೆ ಹಿಂದಕ್ಕೆ ಹೋದಂತೆ ಅದರ ಹಿಂದೆ ಓಡಿ, ಅಲೆ ಬಂದಾಗ ವಾಪಸ್ ಓಡುತ್ತದೆ. ಕಾಮನ್ ಸ್ಯಾಂಡ್‌ಪೈಪರ್ ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತಲೇ ಇರುತ್ತದೆ, ನಿಲ್ಲಿಸುವುದೇ ಇಲ್ಲ. ಈ ಯಾವುದೂ ಫೋಟೊದಲ್ಲಿ ಬರುವುದಿಲ್ಲ. ಅದಕ್ಕೆ ಒಂದು ಉಪಾಯ: ಫೋಟೊ ಜೊತೆಗೆ ಹತ್ತು ಸೆಕೆಂಡಿನ ವಿಡಿಯೊ ಒಂದನ್ನು ತೆಗೆದಿಡಿ. ನಡಿಗೆಯೂ ಸಿಗುತ್ತದೆ, ಹಕ್ಕಿ ಕೂಗಿದರೆ ದನಿಯೂ ಸಿಗುತ್ತದೆ. ವೇಡರ್‌ಗಳ ವಿಷಯದಲ್ಲಿ ದನಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಹತ್ತಿರ ಹೋಗುವುದಲ್ಲ, ಹತ್ತಿರ ಬರಲು ಬಿಡುವುದು

ಬಯಲಲ್ಲಿರುವ ಹಕ್ಕಿ ನಿಮ್ಮನ್ನು ಯಾವಾಗಲೋ ನೋಡಿರುತ್ತದೆ. ಬಚ್ಚಿಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ, ಅಪಾಯ ಇಲ್ಲ ಅಂತ ಅದಕ್ಕೆ ಅನ್ನಿಸಬೇಕು, ಅಷ್ಟೇ. ನಿಂತ ಮನುಷ್ಯನಿಗೆ ಹೆದರುವ ಹಕ್ಕಿ ಕೂತವನಿಗೆ ಅಷ್ಟು ಹೆದರುವುದಿಲ್ಲ, ಮಲಗಿದವನಿಗೆ ಇನ್ನೂ ಕಡಿಮೆ. ಹಕ್ಕಿಗಳು ಯಾವ ದಿಕ್ಕಿಗೆ ಮೇಯುತ್ತಾ ಬರುತ್ತಿವೆ ನೋಡಿ, ಅವುಗಳ ದಾರಿಯಲ್ಲಿ ಮುಂದೆ ಹೋಗಿ ಕೂತುಬಿಡಿ. ಬೆಳಕು ಬೆನ್ನ ಹಿಂದೆ ಇರಲಿ. ಆಮೇಲೆ ಕಾಯುವುದು. ಅರ್ಧ ಗಂಟೆ ಏನೂ ಆಗದೆ ಹೋಗಬಹುದು, ಬೇಜಾರೂ ಬರುತ್ತದೆ, ಆಮೇಲೆ ನೋಡಿದರೆ ಒಂದು ಸ್ಟಿಂಟ್ ನಿಮ್ಮ ಲೆನ್ಸ್ ಫೋಕಸ್ ಆಗುವ ಕನಿಷ್ಠ ದೂರಕ್ಕಿಂತಲೂ ಹತ್ತಿರ ಬಂದು ನಿಂತಿರುತ್ತದೆ.

ಸಮುದ್ರದ ದಡದಲ್ಲಾದರೆ ಉಬ್ಬರ-ಇಳಿತದ ಪಟ್ಟಿ ನೋಡದೆ ಹೋಗಬೇಡಿ. ಇಳಿತದಲ್ಲಿ ಹಕ್ಕಿಗಳು ಎಲ್ಲೋ ದೂರದ ಕೆಸರಲ್ಲಿ ಚುಕ್ಕೆಗಳಾಗಿರುತ್ತವೆ. ನೀರು ಏರುತ್ತಾ ಬಂದಂತೆ ಅವೂ ದಡದ ಕಡೆ ಬರುತ್ತವೆ. ಪೂರ್ತಿ ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲೇ ಹೋಗಿ ಕೂತರೆ ನೀರೇ ಹಕ್ಕಿಗಳನ್ನು ನಿಮ್ಮ ಹತ್ತಿರ ತಂದುಬಿಡುತ್ತದೆ. ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಹಕ್ಕಿಗಳೂ ಜಾಸ್ತಿ ಹತ್ತಿರ ಬರುತ್ತವೆ. ಕೆಸರಿನಲ್ಲಿ ದೂರ ನಡೆದು ಹೋಗಿ ಉಬ್ಬರಕ್ಕೆ ಸಿಕ್ಕಿಕೊಳ್ಳುವುದು ತಮಾಷೆಯಲ್ಲ, ಅದಕ್ಕೂ ಈ ಪಟ್ಟಿ ಬೇಕು. ಕೆರೆ, ಹೊಂಡಗಳಲ್ಲಿ ಈ ಲೆಕ್ಕ ಇಲ್ಲ, ನೀರು ಇಳಿದು ಹೊಸ ಕೆಸರು ತೆರೆದುಕೊಂಡ ಅಂಚನ್ನು ಹುಡುಕಿ.

ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ನೀಟಿ ನಿಮ್ಮನ್ನೇ ನೋಡುತ್ತಿದೆ, ತಲೆಯನ್ನು ಮೇಲೆ ಕೆಳಗೆ ಜರ್ಕ್ ಹೊಡೆಯುತ್ತಿದೆ ಅಂದರೆ ನೀವು ಸ್ವಲ್ಪ ಜಾಸ್ತಿಯೇ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ಇಲ್ಲವೇ ಹಿಂದೆ ಸರಿಯಿರಿ. ಹಾರುವ ಫೋಟೊ ಬೇಕು ಅಂತ ಗುಂಪನ್ನು ಎಬ್ಬಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2022ರಲ್ಲಿ ಟ್ರಾನ್ಸ್‌ಮಿಟರ್ ಹಾಕಿದ್ದ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ಹಾರಿತು, 11 ದಿನ, ನಡುವೆ ಎಲ್ಲೂ ಇಳಿಯದೆ. ಇಂಥ ವಲಸೆಗೆ ಬೇಕಾದ ಕೊಬ್ಬನ್ನು ಈ ಹಕ್ಕಿಗಳು ಕೂಡಿಸಿಕೊಳ್ಳುವುದು ನಾವು ಕ್ಯಾಮೆರಾ ಹಿಡಿದು ಹೋಗುವ ಇದೇ ಕೆಸರಿನಲ್ಲಿ. ಉಬ್ಬರದ ಹೊತ್ತಿಗೆ ಗುಂಪಾಗಿ ಒಂದೇ ಕಾಲ ಮೇಲೆ ನಿಂತು ನಿದ್ದೆ ಮಾಡುತ್ತಿದ್ದರಂತೂ ಆ ಗುಂಪಿನಿಂದ ದೂರವೇ ಇರಿ. ಇನ್ನು ಮರಿ ಮಾಡುವ ಕಾಲದಲ್ಲಿ ಪ್ಲವರ್ ಒಂದು ರೆಕ್ಕೆ ಮುರಿದಂತೆ ನೆಲದಲ್ಲಿ ಹೊರಳಾಡುತ್ತಾ ನಿಮ್ಮನ್ನು ದೂರ ಕರೆದೊಯ್ಯುತ್ತಿದ್ದರೆ ಅದು ನಾಟಕ, ಮೊಟ್ಟೆಯೋ ಮರಿಯೋ ಅಲ್ಲೇ ಕಾಲ ಹತ್ತಿರ ಇದೆ. ಫೋಟೊ ಬಿಡಿ, ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ.

ಎಬ್ಬಿಸದೆ ರೆಕ್ಕೆ ನೋಡುವುದು ಹೇಗೆ?

ಇದು ನನಗೆ ಬಹಳ ಇಷ್ಟವಾದ ಭಾಗ. ಹಕ್ಕಿ ಸ್ನಾನ ಮಾಡುವಾಗ ಗಮನಿಸಿ. ಹೊಟ್ಟೆ ಮುಳುಗುವಷ್ಟು ನೀರಲ್ಲಿ ಕೂತು ತಲೆ ಅದ್ದಿ, ರೆಕ್ಕೆ ಬಡಿದು ಮೈಮೇಲೆ ನೀರು ಎರಚಿಕೊಳ್ಳುತ್ತದೆ. ಅದು ಮುಗಿದ ಮೇಲೆ ಎದ್ದು ನಿಂತು ಎರಡೂ ರೆಕ್ಕೆ ಬಿಚ್ಚಿ ಬಡಿಯುತ್ತದೆ, ಕೆಲವು ಸಲ ನೀರಿಂದ ಒಂದು ಗೇಣು ಮೇಲಕ್ಕೂ ಜಿಗಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ರೆಕ್ಕೆಯ ಮೇಲ್ಭಾಗ, ಅಡಿಭಾಗ, ಕಂಕುಳು, ಬಾಲ ಎಲ್ಲವೂ ಕಾಣುತ್ತವೆ. ಆಮೇಲೆ ದಡಕ್ಕೆ ಬಂದು ಗರಿ ತಿದ್ದಿಕೊಳ್ಳಲು ಶುರು ಮಾಡುತ್ತದೆ. ನಡುವೆ ಒಂದು ರೆಕ್ಕೆಯನ್ನೂ ಅದೇ ಬದಿಯ ಕಾಲನ್ನೂ ಒಟ್ಟಿಗೆ ಹಿಂದಕ್ಕೆ ನೀಟುತ್ತದೆ. ಆಗ ಬಾಲವೂ ಆ ಬದಿಗೆ ಬಿಚ್ಚಿಕೊಳ್ಳುತ್ತದೆ. ಆ ಕಾಲು ನಿಧಾನಕ್ಕೆ ಹಿಂದೆ ಸರಿಯಲು ಶುರುವಾದಾಗಲೇ ಬರ್ಸ್ಟ್ (ಒಂದೇ ಸಮನೆ ಸಾಲು ಫೋಟೊ ತೆಗೆಯುವ ಮೋಡ್) ಒತ್ತಿಬಿಡಿ, ಪೂರ್ತಿ ನೀಟುವವರೆಗೆ ಕಾದರೆ ತಡವಾಗುತ್ತದೆ.

ಸ್ನೈಪ್‌ಗಳಲ್ಲಿ ಈ ಬಾಲದ ಫೋಟೊ ಬಿಟ್ಟರೆ ಎಷ್ಟೋ ಸಲ ಬೇರೆ ದಾರಿಯೇ ಇಲ್ಲ. ಪಿನ್‌ಟೇಲ್ ಸ್ನೈಪ್‌ನ ಬಾಲದ ಹೊರಗಿನ ಗರಿಗಳು ಕಡ್ಡಿಯ ಥರ ಸಪೂರ, ಬಾಲ ಬಿಚ್ಚಿದಾಗ ಮಾತ್ರ ಕಾಣುತ್ತವೆ. ಕಾಮನ್ ಸ್ನೈಪ್‌ನ ರೆಕ್ಕೆಯ ಹಿಂದಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಗೆರೆ ಇದೆ, ಪಿನ್‌ಟೇಲ್‌ಗೆ ಅದಿಲ್ಲ. ನಿಂತ ಹಕ್ಕಿಯಲ್ಲಿ ಇವೆರಡೂ ಅಡಗಿರುತ್ತವೆ.

ಕ್ಯಾಮೆರಾ ಸೆಟ್ಟಿಂಗ್

ಲೆನ್ಸ್ ವಿಷಯ ಬೇಗ ಮುಗಿಸುತ್ತೇನೆ. 400ರಿಂದ 600 ಮಿ.ಮೀ. ಇದ್ದರೆ ಆರಾಮ. ಜೂಮ್ ಜಾಸ್ತಿ ಇರುವ ಬ್ರಿಡ್ಜ್ ಕ್ಯಾಮೆರಾ ಗುರುತಿನ ಫೋಟೊಗೆ ಧಾರಾಳ ಸಾಕು. ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಇರುವವರು, ನಾವು ಕಣ್ಣಿಟ್ಟು ನೋಡುವ ಕಡೆ ಫೋನ್ ಹಿಡಿದು ತೆಗೆದರೂ ಆಗುತ್ತದೆ. ಟ್ರೈಪಾಡ್‌ಗಿಂತ ಬೀನ್ ಬ್ಯಾಗ್ (ಲೆನ್ಸ್ ಊರಲು ಇಡುವ ಕಾಳು ತುಂಬಿದ ಚೀಲ) ವಾಸಿ, ಯಾಕೆಂದರೆ ನೀವು ಇರಬೇಕಾದ್ದು ನೆಲದಲ್ಲಿ. ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿಂದಿನ ಕೆಸರೆಲ್ಲ ಮಸುಕಾಗಿ ಹಕ್ಕಿ ಎದ್ದು ಕಾಣುತ್ತದೆ, ಮೇಲಿಂದ ತೆಗೆದರೆ ಕೆಸರು ಬಣ್ಣದ ಹಕ್ಕಿ ಕೆಸರಲ್ಲೇ ಕರಗಿಹೋಗುತ್ತದೆ. ಅದೂ ಅಲ್ಲದೆ ಮೇಲಿಂದ ನೋಡಿದಾಗ ಕಾಲಿನ ಉದ್ದ ಸರಿಯಾಗಿ ಗೊತ್ತಾಗುವುದಿಲ್ಲ.

ಶಟರ್ ಸ್ಪೀಡ್: ಸುಮ್ಮನೆ ನಿಂತಿದ್ದರೆ 1/500 ಸಾಕು, ಮೇಯುತ್ತಿದ್ದರೆ 1/1000ಕ್ಕಿಂತ ಕೆಳಗೆ ಬೇಡ. ಹಾರುವ ಹಕ್ಕಿಗೆ 1/2000, ಸ್ಟಿಂಟ್‌ನಂಥ ಚಿಕ್ಕವಕ್ಕೆ 1/3200 ಇದ್ದರೆ ಒಳ್ಳೆಯದು. ಅಪರ್ಚರ್ ಎಫ್ 5.6ರಿಂದ ಎಫ್ 8. ಐಎಸ್‌ಒ ಏರಿ ನಾಯ್ಸ್ (ಫೋಟೊದಲ್ಲಿ ಕಾಳು ಕಾಳಾಗಿ ಕಾಣುವುದು) ಬಂದರೆ ಬರಲಿ, ನಾಯ್ಸ್ ಇರುವ ಫೋಟೊದಲ್ಲಿ ರೆಕ್ಕೆಯ ಪಟ್ಟಿ ಕಾಣುತ್ತದೆ, ಅಲುಗಿದ ಫೋಟೊದಲ್ಲಿ ಕಾಣುವುದಿಲ್ಲ.

ಎಕ್ಸ್‌ಪೋಷರ್ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಕಪ್ಪು ಕೆಸರು ತುಂಬಿರುವ ಫ್ರೇಮಿನಲ್ಲಿ ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡಲು ಹೋಗಿ ಹಕ್ಕಿಯ ಬಿಳಿ ಹೊಟ್ಟೆಯನ್ನು ಸುಟ್ಟುಬಿಡುತ್ತದೆ, ಅಂದರೆ ಗರಿಯ ವಿವರವೇ ಉಳಿಯದೆ ಬರೀ ಬಿಳಿಯಾಗುತ್ತದೆ. ಅದೇ ಹಕ್ಕಿ ಎರಡು ಹೆಜ್ಜೆ ಇಟ್ಟು ಹೊಳೆಯುವ ನೀರಿಗೆ ಹೋದರೆ ಈ ಸಲ ಹಕ್ಕಿ ಕಪ್ಪಾಗುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗಿಲ್ಲ, ಅಲ್ವಾ? ಅದಕ್ಕೇ ಬೆಳಕು ಒಂದೇ ಥರ ಇರುವ ದಿನ ಮ್ಯಾನ್ಯುವಲ್‌ನಲ್ಲಿ ಇಡಿ, ಐಎಸ್‌ಒವನ್ನೂ ಆಟೋಗೆ ಬಿಡಬೇಡಿ. ಹಕ್ಕಿಯ ಅತಿ ಬಿಳಿ ಭಾಗ ಸುಡದ ಹಾಗೆ ಒಂದು ಸಲ ಸೆಟ್ ಮಾಡಿಕೊಂಡರೆ ಅದು ಕೆಸರಿಗೆ ಹೋಗಲಿ, ನೀರಿಗೆ ಹೋಗಲಿ, ಆಕಾಶಕ್ಕೆ ಹಾರಲಿ, ನಿಮಗೆ ಚಿಂತೆ ಇಲ್ಲ. ಮೋಡ ಬಂದು ಹೋಗಿ ಆಡುತ್ತಿದ್ದರೆ ಮಾತ್ರ ಆಟೋಗೆ ಬಿಟ್ಟು, ಎಕ್ಸ್‌ಪೋಷರ್ ಕಾಂಪೆನ್ಸೇಶನ್‌ನಲ್ಲಿ ಸರಿ ಮಾಡಿಕೊಳ್ಳಿ. ಮೆಟ್ಟುಗಾಲು ಹಕ್ಕಿ, ಆವೊಸೆಟ್‌ನಂಥ ಕಪ್ಪು-ಬಿಳುಪಿನವಕ್ಕೆ ಬಿಳಿಯನ್ನು ಉಳಿಸಿ, ಕಪ್ಪನ್ನು ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ಎತ್ತಿಕೊಳ್ಳಬಹುದು.

ಬಿಸಿಲೇರಿದ ಮೇಲೆ ಕೆಸರಿನ ಮೇಲೆ ಝಳ ಏಳುತ್ತದೆ. ಆಗ ದೂರದ ಹಕ್ಕಿಯ ಫೋಟೊ ಎಷ್ಟೇ ದುಬಾರಿ ಲೆನ್ಸಿನಲ್ಲಿ ತೆಗೆದರೂ ಕಲಸಿದಂತೆ ಬರುತ್ತದೆ, ಫೋಕಸ್ ತಪ್ಪಿದೆ ಅಂದುಕೊಂಡು ಸೆಟ್ಟಿಂಗ್ ಬದಲಾಯಿಸುತ್ತಾ ಕೂರಬೇಡಿ. ಇದಕ್ಕೆ ಇರುವ ಮದ್ದು ಎರಡೇ, ದೂರ ಕಡಿಮೆ ಮಾಡುವುದು ಅಥವಾ ಬೆಳಗ್ಗೆ ಬೇಗ ಬರುವುದು.

ಒಂದು ಜೋಡಿ ಬಿಡಿಸಿ ನೋಡೋಣ

ಗ್ರೀನ್ ಸ್ಯಾಂಡ್‌ಪೈಪರ್, ವುಡ್ ಸ್ಯಾಂಡ್‌ಪೈಪರ್. ಹೊಸಬರು ಹೆಚ್ಚು ಎಡವುವ ಜೋಡಿ. ಎರಡೂ ಒಂದೇ ಅಳತೆ, ಮೇಲೆ ಕಂದು, ಕೆಳಗೆ ಬಿಳಿ, ಕೊಕ್ಕು ನೇರ.

ಮೊದಲು ಮುಖ. ವುಡ್ ಸ್ಯಾಂಡ್‌ಪೈಪರ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಿನವರೆಗೂ ಹೋಗುತ್ತದೆ. ಗ್ರೀನ್‌ಗೆ ಆ ಬಿಳಿ ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ, ಕಣ್ಣಿನ ಸುತ್ತ ಬಿಳಿ ಉಂಗುರ ಎದ್ದು ಕಾಣುತ್ತದೆ. ಬೆನ್ನು ನೋಡಿ: ವುಡ್‌ಗೆ ದೊಡ್ಡ ದೊಡ್ಡ ತಿಳಿ ಚುಕ್ಕೆಗಳು, ಗ್ರೀನ್‌ಗೆ ಗಾಢ ಬೆನ್ನ ಮೇಲೆ ಸಣ್ಣ ಚುಕ್ಕೆಗಳು, ದೂರದಿಂದ ಅವೂ ಕಾಣುವುದಿಲ್ಲ. ಕಾಲು ವುಡ್‌ಗೆ ಹಳದಿ ಕಡೆಗೆ, ಸ್ವಲ್ಪ ಉದ್ದ, ಗ್ರೀನ್‌ಗೆ ಮಾಸಲು ಹಸಿರು. ಹಾರಿದಾಗ ಅನುಮಾನವೇ ಇರುವುದಿಲ್ಲ. ಬಾಲದ ಬುಡ ಎರಡಕ್ಕೂ ಬಿಳಿಯೇ, ಆದರೆ ಗ್ರೀನ್‌ನ ರೆಕ್ಕೆಯ ಅಡಿಭಾಗ ಹೆಚ್ಚುಕಡಿಮೆ ಕಪ್ಪು, ವುಡ್‌ನದು ತಿಳಿ. ಬಾಲದ ಪಟ್ಟಿಗಳು ಗ್ರೀನ್‌ಗೆ ಅಗಲವಾಗಿ ಕೆಲವೇ ಕೆಲವು, ವುಡ್‌ಗೆ ಸಣ್ಣವು, ಹೆಚ್ಚು. ಅದಕ್ಕೇ ಹೇಳಿದ್ದು, ಹಾರುವಾಗ ರೆಕ್ಕೆ ಮೇಲೆತ್ತಿದ ಒಂದು ಮಸುಕು ಫೋಟೊ ಇದ್ದರೂ ಈ ಜೋಡಿಯ ಜಗಳ ಮುಗಿಯುತ್ತದೆ ಅಂತ.

ಇವೆರಡರ ಜೊತೆ ಮೂರನೆಯದಾಗಿ ಕಾಮನ್ ಸ್ಯಾಂಡ್‌ಪೈಪರ್ ಇರುತ್ತದೆ. ಅದರ ಭುಜದ ಹತ್ತಿರ, ಎದೆಯ ಕಂದಿಗೂ ಮಡಚಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಮೇಲಕ್ಕೆ ನುಗ್ಗಿರುತ್ತದೆ. ಅಷ್ಟು ಕಂಡರೆ ಸಾಕು, ಮುಂದಕ್ಕೆ ಹೋಗಿ.

ಉಳಿದ ಜೋಡಿಗಳಲ್ಲಿ ಎಲ್ಲಿ ನೋಡಬೇಕು ಅಂತ ಮಾತ್ರ ಹೇಳುತ್ತೇನೆ. ಲಿಟಲ್ ಸ್ಟಿಂಟ್‌ಗೆ ಕಾಲು ಕಪ್ಪು, ಟೆಮಿಂಕ್ಸ್ ಸ್ಟಿಂಟ್‌ಗೆ ಹಳದಿ-ಹಸಿರು, ಹಾರಿದಾಗ ಬಾಲದ ಅಂಚು ಬಿಳಿ. ಲಿಟಲ್ ರಿಂಗ್ಡ್ ಪ್ಲವರ್‌ಗೆ ಕಣ್ಣಿನ ಸುತ್ತ ಹಳದಿ ಉಂಗುರ, ರೆಕ್ಕೆಯಲ್ಲಿ ಬಿಳಿ ಪಟ್ಟಿ ಇಲ್ಲ. ಕೆಂಟಿಶ್ ಪ್ಲವರ್‌ಗೆ ಕಾಲು ಕಪ್ಪು, ಎದೆಯ ಪಟ್ಟಿ ನಡುವೆ ಕತ್ತರಿಸಿರುತ್ತದೆ, ರೆಕ್ಕೆಯಲ್ಲಿ ಬಿಳಿ ಪಟ್ಟಿ ಇದೆ. ಕಾಮನ್ ರೆಡ್‌ಶ್ಯಾಂಕ್ ಹಾರಿದಾಗ ರೆಕ್ಕೆಯ ಹಿಂದಿನ ಅಂಚು ಅಗಲವಾಗಿ ಬಿಳಿ, ಸ್ಪಾಟೆಡ್ ರೆಡ್‌ಶ್ಯಾಂಕ್‌ಗೆ ಅದಿಲ್ಲ. ಗ್ರೀನ್‌ಶ್ಯಾಂಕ್‌ನ ಕೊಕ್ಕು ದಪ್ಪ, ತುಸು ಮೇಲಕ್ಕೆ ಬಾಗಿದ್ದು, ಮಾರ್ಶ್ ಸ್ಯಾಂಡ್‌ಪೈಪರ್‌ದು ಸಪೂರ, ನೇರ. ಬ್ಲ್ಯಾಕ್-ಟೇಲ್ಡ್ ಗಾಡ್ವಿಟ್ ರೆಕ್ಕೆ ಬಿಚ್ಚಿದರೆ ದೊಡ್ಡ ಬಿಳಿ ಪಟ್ಟಿ, ಕಪ್ಪು ಬಾಲ, ಬಾರ್-ಟೇಲ್ಡ್‌ಗೆ ಆ ಬಿಳಿ ಪಟ್ಟಿ ಇಲ್ಲ, ಬಾಲದಲ್ಲಿ ಅಡ್ಡಗೆರೆಗಳು. ಡನ್ಲಿನ್‌ನ ಬಾಲದ ಬುಡದ ನಡುವೆ ಕಪ್ಪು ಗೆರೆ ಹಾದುಹೋಗುತ್ತದೆ, ಕರ್ಲ್ಯೂ ಸ್ಯಾಂಡ್‌ಪೈಪರ್‌ಗೆ ಅಲ್ಲಿ ಪೂರ್ತಿ ಬಿಳಿ. ಗ್ರೇ ಪ್ಲವರ್‌ನ ಕಂಕುಳು ಕಪ್ಪು, ಗೋಲ್ಡನ್ ಪ್ಲವರ್‌ಗಳಲ್ಲಿ ಅದಿಲ್ಲ. ವಿಂಬ್ರೆಲ್‌ನ ತಲೆಯ ಮೇಲೆ ಪಟ್ಟಿಗಳಿವೆ, ಕೊಕ್ಕು ಕರ್ಲ್ಯೂಗಿಂತ ಗಿಡ್ಡ. ಕರ್ಲ್ಯೂನಲ್ಲಿ ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದ ಅನ್ನುವುದೂ ನೆನಪಿರಲಿ, ಗಿಡ್ಡ ಕೊಕ್ಕು ಕಂಡ ಕೂಡಲೇ ವಿಂಬ್ರೆಲ್ ಅನ್ನಬೇಡಿ.

ಯಾವುದಕ್ಕೂ ಹೊಂದದ ಒಂದು ವೇಡರ್ ಕಂಡರೆ ಮೊದಲು ರಫ್ ಅನ್ನುವ ಹಕ್ಕಿ ಇರಬಹುದಾ ಅಂತ ನೋಡಿ. ಗಂಡು ಹೆಣ್ಣಿಗಿಂತ ಬಹಳ ದೊಡ್ಡದು, ಕಾಲುಗಳು ಒಂದು ಹಕ್ಕಿಗೆ ಕಿತ್ತಳೆ, ಇನ್ನೊಂದು ಹಕ್ಕಿಗೆ ಹಸಿರು ಹಳದಿ. ಒಂದೇ ಜಾತಿ ಅಂತ ನಂಬುವುದೇ ಕಷ್ಟ. ಚಿಕ್ಕ ತಲೆ, ಗುಂಡಗಿನ ಹೊಟ್ಟೆ, ತುಸು ಬಾಗಿದ ಗಿಡ್ಡ ಕೊಕ್ಕು ಕಂಡರೆ ಬಹುಪಾಲು ಅದೇ.

ಫೋಟೊ ಸುಳ್ಳು ಹೇಳುವ ಜಾಗಗಳು

ಕಾಲಿನ ಬಣ್ಣವನ್ನು ಒಂದೇ ಫೋಟೊ ನೋಡಿ ನಂಬಬೇಡಿ. ಕೆಸರು ಮೆತ್ತಿದ ಹಳದಿ ಕಾಲು ಕಪ್ಪಗೆ ಕಾಣುತ್ತದೆ, ಸಂಜೆ ಬಿಸಿಲಲ್ಲಿ ಹಸಿರು ಕಾಲು ಹಳದಿಯಾಗುತ್ತದೆ, ಬೂದು ಬೆನ್ನು ಕಂದಾಗುತ್ತದೆ. ಹಕ್ಕಿ ನೀರಿಂದ ಆಗಷ್ಟೇ ಎದ್ದು ಬಂದಾಗ, ಕಾಲು ತೊಳೆದಂತಿರುವಾಗ ಒಂದು ಫೋಟೊ ತೆಗೆದುಕೊಳ್ಳಿ. ಗಾತ್ರವೂ ಮೋಸ ಮಾಡುತ್ತದೆ. ಉದ್ದ ಲೆನ್ಸಿನಲ್ಲಿ ಹಿಂದೆ ನಿಂತ ಹಕ್ಕಿ ಮುಂದಿನದಕ್ಕಿಂತ ದೊಡ್ಡದು ಅನ್ನಿಸುತ್ತದೆ, ಎರಡೂ ಒಂದೇ ಅಳತೆಯವಾಗಿದ್ದರೂ. ಎರಡೂ ಒಂದೇ ದೂರದಲ್ಲಿ ಅಕ್ಕಪಕ್ಕ ಬಂದಾಗ ತೆಗೆದದ್ದನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೊಕ್ಕಿನ ಉದ್ದಕ್ಕೆ ಪೂರ್ತಿ ಪಕ್ಕದಿಂದ ತೆಗೆದ ಫೋಟೊ ಬೇಕು, ಮುಖ ಸ್ವಲ್ಪ ಈ ಕಡೆ ತಿರುಗಿದ್ದರೂ ಕೊಕ್ಕು ಗಿಡ್ಡವಾಗಿ ಕಾಣುತ್ತದೆ. ಸ್ಪೂನ್-ಬಿಲ್ಡ್ ಸ್ಯಾಂಡ್‌ಪೈಪರ್‌ಗೆ ಮಾತ್ರ ಇದು ಉಲ್ಟಾ, ಅದರ ಸೌಟಿನಂಥ ಕೊಕ್ಕು ಎದುರಿನಿಂದ ನೋಡಿದಾಗಲೇ ಚೆನ್ನಾಗಿ ಗೊತ್ತಾಗುವುದು.

ಇನ್ನು ವಯಸ್ಸು, ಋತು. ಮರಿ ಮಾಡುವ ಕಾಲದಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಇಟ್ಟಿಗೆ ಕೆಂಪು, ಡನ್ಲಿನ್‌ನ ಹೊಟ್ಟೆ ಕಪ್ಪು. ಚಳಿಗಾಲದಲ್ಲಿ ಎರಡೂ ಬೂದು. ನಡುವಿನ ತಿಂಗಳುಗಳಲ್ಲಿ ಅರ್ಧಂಬರ್ಧ ಬಣ್ಣದ ಹಕ್ಕಿಗಳು ಸಿಗುತ್ತವೆ, ಇವು ಯಾವ ಪುಸ್ತಕದ ಚಿತ್ರಕ್ಕೂ ಸರಿಯಾಗಿ ಹೊಂದುವುದಿಲ್ಲ. ಆರ್ಕ್‌ಟಿಕ್‌ನಿಂದ ಮೊದಲು ವಯಸ್ಸಿನಲ್ಲಿ ದೊಡ್ಡವು ಹೊರಡುತ್ತವೆ, ಆ ವರ್ಷ ಹುಟ್ಟಿದವು ಆಮೇಲೆ. ಹೊಸ ಹಕ್ಕಿಯ ಬೆನ್ನಿನ ಪ್ರತಿ ಗರಿಗೂ ತೆಳುವಾದ ತಿಳಿ ಅಂಚು ಇರುತ್ತದೆ, ಎಲ್ಲ ಗರಿಗಳೂ ಒಂದೇ ಥರ ಹೊಸವು. ದೊಡ್ಡ ಹಕ್ಕಿಯಲ್ಲಿ ಸವೆದ ಗರಿ, ಹೊಸ ಗರಿ ಬೆರೆತಿರುತ್ತವೆ. ಲಿಟಲ್ ಸ್ಟಿಂಟ್ ಮರಿಯಾದರೆ ಬೆನ್ನ ಮೇಲೆ ಬಿಳಿ ಗೆರೆಗಳು ಇಂಗ್ಲಿಷಿನ ವಿ ಅಕ್ಷರದಂತೆ ಕೂಡಿರುತ್ತವೆ. ಇದಕ್ಕೆ ಹಿಂದಿನಿಂದ ತೆಗೆದ ಫೋಟೊ ಬೇಕು.

ಹಕ್ಕಿ ಗುರುತಿಸುವ ಮರ್ಲಿನ್‌ನಂಥ ಆ್ಯಪ್‌ಗಳಿಗೆ ಫೋಟೊ ಕೊಟ್ಟು ಕೇಳಿ, ತಪ್ಪೇನಿಲ್ಲ. ಆದರೆ ಅದು ಹೇಳಿದ ಹೆಸರನ್ನು ಉತ್ತರ ಅಂದುಕೊಳ್ಳದೆ, ಆ ಹೆಸರಿನ ಹಕ್ಕಿಗೆ ಇರಲೇಬೇಕಾದ ಗುರುತು ನಿಮ್ಮ ಫೋಟೊದಲ್ಲಿ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಸ್ಟಿಂಟ್, ಸ್ಯಾಂಡ್ ಪ್ಲವರ್ ಅಂತ ಗುಂಪಿನ ಹೆಸರು ಬರೆದು ಬಿಟ್ಟರೂ ಆಯಿತು. ಅನುಭವಿಗಳ ಪಟ್ಟಿಯಲ್ಲೂ ಅಂಥವು ಇರುತ್ತವೆ.

ಕಾಲಲ್ಲಿ ಬಾವುಟ ಕಂಡರೆ

ಕೆಲವು ಹಕ್ಕಿಗಳ ಕಾಲಲ್ಲಿ ಬಣ್ಣದ ಸಣ್ಣ ಪ್ಲಾಸ್ಟಿಕ್ ಬಾವುಟವೋ ಉಂಗುರವೋ ಇರುತ್ತದೆ. ವಲಸೆಯ ಅಧ್ಯಯನಕ್ಕೆ ಹಾಕಿರುವುದು. ಪೂರ್ವ ಏಷ್ಯಾದಿಂದ ಆಸ್ಟ್ರೇಲಿಯಾದ ವಲಸೆ ದಾರಿಯಲ್ಲಂತೂ ಎಲ್ಲಿ ಹಾಕಿದ್ದು ಅನ್ನುವುದು ಬಾವುಟದ ಬಣ್ಣಗಳ ಜೋಡಿಯಿಂದಲೇ ಗೊತ್ತಾಗುತ್ತದೆ. ಅಂಥದ್ದು ಕಂಡರೆ ಉಳಿದ ಫೋಟೊ ಎಲ್ಲ ಬದಿಗಿಟ್ಟು ಕಾಲಿನ ಮೇಲೆ ಫೋಕಸ್ ಮಾಡಿ, ಎರಡೂ ಬದಿಯಿಂದ ತೆಗೆಯಿರಿ. ಬಾವುಟ ಹಕ್ಕಿಯ ಎಡಗಾಲಲ್ಲಿದೆಯೋ ಬಲಗಾಲಲ್ಲೋ, ಮೊಣಕಾಲಿನಂತೆ ಕಾಣುವ ಗಂಟಿನ ಮೇಲಿದೆಯೋ ಕೆಳಗೋ (ಅದು ನಿಜಕ್ಕೂ ಹಕ್ಕಿಯ ಹಿಮ್ಮಡಿಯ ಗಂಟು), ಎರಡಿದ್ದರೆ ಯಾವ ಬಣ್ಣ ಮೇಲೆ, ಬರೆದಿರುವ ಅಕ್ಷರ ಯಾವುದು, ಎಲ್ಲವನ್ನೂ ಅಲ್ಲೇ ಗುರುತು ಮಾಡಿಕೊಳ್ಳಿ. ಫೋಟೊವನ್ನು ಕನ್ನಡಿಯಂತೆ ತಿರುಗಿಸಬೇಡಿ, ಎಡ-ಬಲ ಅದಲುಬದಲಾಗುತ್ತದೆ. ಅಕ್ಷರ ಓದಲಾಗದಿದ್ದರೂ ಬಣ್ಣ, ಜಾಗ, ತಾರೀಖು ಹಾಕಿ ಬಾವುಟ ಹಾಕಿದವರಿಗೆ ಕಳಿಸಿ, ಎಷ್ಟೋ ಸಲ ಹಕ್ಕಿಗೆ ಅದನ್ನು ಎಲ್ಲಿ, ಯಾವಾಗ ಹಾಕಿದ್ದು ಅಂತ ಉತ್ತರ ಬರುತ್ತದೆ.